ಗೆಲಾಕ್ಸಿಗೆ ಗುಂಡಿ, ಕಾಜ

ಜನವರಿ 6

ದೊಡ್ಡಪ್ಪನಿಗೆ ಗುಂಡುಸೂಜಿಯ ನಮಸ್ಕಾರ.

ಇಲ್ಲಿಗೆ ಬಂದು ಆರು ತಿಂಗಳಾದರೂ ಕೈ ಇನ್ನೂ ಜೇಬಿನಲ್ಲಿ ಫೋನು ತಡಕಾಡುತ್ತದೆ. ಗೇಟಿನ ಕಾವಲಿನವರು ಹೆಸರು ಕೇಳುವ ಮೊದಲೇ ಮೊಬೈಲು ಕೇಳಿ ಇಸಿದುಕೊಳ್ಳುತ್ತಾರೆ. ನಮ್ಮ ರೇಡಿಯೋ ದೂರದರ್ಶಕದ ಕಿವಿ ಅಷ್ಟು ಸೂಕ್ಷ್ಮ. ಕೋಟ್ಯಂತರ ಜ್ಯೋತಿರ್ವರ್ಷ ಆಚೆಯ ಪಿಸುಮಾತು ಕೇಳುತ್ತಾ ಕೂತಿರುವಾಗ ಪಕ್ಕದ ಕೋಣೆಯಲ್ಲಿ ಒಂದು ಫೋನು ಸಿಗ್ನಲ್ಲು ಹುಡುಕಿದರೂ ಅದಕ್ಕೆ ಕಿವಿಯ ಹತ್ತಿರ ತಗಡು ಬಡಿದ ಹಾಗೆ. ಅದಕ್ಕೇ ಈ ಕಾಗದ. ಟಪಾಲಿನ ವ್ಯಾನು ವಾರಕ್ಕೊಮ್ಮೆ ಬರುತ್ತದೆ. ನಿಮ್ಮ ತಮ್ಮನಿಗೆ ಅಂದರೆ ನಮ್ಮಪ್ಪನಿಗೆ ಎರಡು ಸಲ ಬರೆದೆ. ಎರಡಕ್ಕೂ ಸೇರಿಸಿ ಒಂದೇ ಉತ್ತರ ಬಂತು: "ಕ್ಷೇಮ. ಉಳಿದದ್ದು ದೊಡ್ಡಪ್ಪ ಬರೆಯುತ್ತಾನೆ."

ಈಗ ಕೆಲಸದ ಮಾತು. ಇದರ ಜೊತೆ ಎರಡು ದೊಡ್ಡ ಹಾಳೆಗಳಿವೆ. ಎರಡೂ ಒಂದೇ ಗೆಲಾಕ್ಸಿಯ ಚಿತ್ರ. ನಡುವೆ ಹೊಟ್ಟೆ, ಅದರಿಂದ ಹೊರಟು ಸುರುಳಿ ಸುತ್ತಿದ ಎರಡು ತೋಳು. ಮೊದಲ ಹಾಳೆಯ ನೀಲಿ ಉಂಡೆಗಳು ತಣ್ಣನೆಯ ಅನಿಲದ ಮೋಡಗಳು, ನಕ್ಷತ್ರಗಳ ಹೆರಿಗೆಮನೆ. ಅದನ್ನು ನಮ್ಮ ದೂರದರ್ಶಕದಲ್ಲಿ ನಾನೇ ಗುರುತು ಹಾಕಿದ್ದು. ಎರಡನೆಯ ಹಾಳೆಯ ಚುಕ್ಕೆಗಳು ಈಚೆಗೆ ಹುಟ್ಟಿದ ನಕ್ಷತ್ರಗಳ ಗೊಂಚಲುಗಳು. ಅದು ಇನ್ನೊಂದು ವೀಕ್ಷಣಾಲಯದ ಹಳೆಯ ಗಾಜಿನ ಪಟದಿಂದ, ಅಂದರೆ ಗಾಜಿನ ಮೇಲೆ ತೆಗೆದ ಫೋಟೋದಿಂದ, ಇಳಿಸಿಕೊಂಡದ್ದು. ಎರಡನ್ನೂ ಸೇರಿಸಿ ಆರಡಿಗೆ ಆರಡಿಯ ಒಂದು ತೂಗುಬಟ್ಟೆ ಹೊಲಿದುಕೊಡಬೇಕು. ಏಪ್ರಿಲ್ ಹತ್ತಕ್ಕೆ ಇಲ್ಲಿ ದೊಡ್ಡ ಸಭೆ. ನಾನು ಕಂಡುಹಿಡಿದದ್ದನ್ನು ಅಲ್ಲಿ ಹೇಳಬೇಕು, ಬೆನ್ನ ಹಿಂದಿನ ಗೋಡೆಗೆ ಆ ಬಟ್ಟೆ ಇರಬೇಕು ಎಂದು ನಮ್ಮ ಮೇಷ್ಟ್ರ ಆಸೆ. ನನಗೆ ಇನ್ನು ಮೂರು ವರ್ಷ ಇಲ್ಲಿ ಕೆಲಸ ಉಂಟೋ ಇಲ್ಲವೋ ಎಂದು ತೀರ್ಮಾನವಾಗುವುದೂ ಅವತ್ತೇ.

ದೊಡ್ಡಮ್ಮನಿಗೆ ಹೇಳಿ, ಚಮಕಿ ಕೆಲಸ ಅವರ ಕೈಯದೇ ಆಗಬೇಕು.

ನಿಮ್ಮ
ಗುಂಡುಸೂಜಿ

ಜನವರಿ 17

ಚುಚ್ಚುವುದನ್ನು ಇನ್ನೂ ಬಿಡದ ಗುಂಡುಸೂಜಿಗೆ,

ನಾವು ಕ್ಷೇಮ. ನನ್ನ ಬಲ ಮೊಣಕಾಲು ಮಾತ್ರ ಬೇರೆ ಸಂಸಾರ ಹೂಡುವ ಯೋಚನೆಯಲ್ಲಿದೆ.

ಪಾರ್ಸೆಲ್ ತಲುಪಿತು. ಮೂವತ್ತು ವರ್ಷ ನಾಟಕದವರಿಗೆ ಪರದೆ ಹೊಲಿದಿದ್ದೇನೆ. ಕಾಡು, ಅರಮನೆ, ಸಮುದ್ರ ಎಲ್ಲವೂ ಈ ಮೇಜಿನ ಮೇಲೆ ಕತ್ತರಿ ಕಂಡಿವೆ. ಗೆಲಾಕ್ಸಿ ಇದೇ ಮೊದಲು. ಕಾಲೇಜಿನಲ್ಲಿ ನಾನು ಎರಡನೇ ದರ್ಜೆ, ಅಂಗಡಿಯಲ್ಲಿ ಮೊದಲನೇ ದರ್ಜಿ, ಆದ್ದರಿಂದ ಹೆದರಿಕೆಯಿಲ್ಲ. ಆದರೂ ತೋಳು ಎಂದು ಬರೆದು ಅಳತೆ ಬರೆಯದೆ ಕಳಿಸಿದ ಗಿರಾಕಿ ನೀನೊಬ್ಬಳೇ. ಅರ್ಧ ತೋಳೋ ತುಂಬು ತೋಳೋ? ಕಫ್ ಬೇಕೋ?

ತಮಾಷೆ ಬಿಡು. ಗೊತ್ತಿಲ್ಲದ ಅಂಗಕ್ಕೆ ನಾನು ಅಂಗಿ ಹೊಲಿಯುವುದಿಲ್ಲ. ಈ ತೋಳುಗಳು ಗಟ್ಟಿಯೋ ಮೆದುವೋ? ಚಕ್ರದ ಕಡ್ಡಿಯ ಹಾಗೆ ನಡುವಿಗೆ ಅಂಟಿಕೊಂಡು ತಿರುಗುತ್ತವೆಯೋ? ಮೋಡಗಳು ಹೀಗೆ ಸಾಲಾಗಿ ಕೂತದ್ದು ಯಾರ ಮಾತು ಕೇಳಿ? ನಿನ್ನ ದೊಡ್ಡಮ್ಮ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, "ಹುಡುಗಿ ಚೆನ್ನಾಗಿ ಊಟ ಮಾಡ್ತಿದಾಳಾ ಕೇಳ್ರೀ" ಅಂದಳು. ಹಾಳೆಗೂ ಊಟಕ್ಕೂ ಏನು ಸಂಬಂಧವೆಂದು ನಾನು ಕೇಳಲಿಲ್ಲ. ನೀನೂ ಕೇಳಬೇಡ, ಉತ್ತರ ಬರೆ.

ಹೇಗೆ ಮಾಡಬೇಕೆಂದು ಒಂದು ಯೋಚನೆ ಮಾಡಿದ್ದೇನೆ. ಕೆಳಗೆ ಕಪ್ಪು ದಪ್ಪ ಬಟ್ಟೆ, ಅದರ ಮೇಲೆ ಹತ್ತಿ ತುಂಬಿದ ನೀಲಿ ಮೋಡಗಳು. ಅದು ನನ್ನ ಪಾಲು. ಮೇಲೆ ತೆಳ್ಳನೆಯ ನೆಟ್ ಬಟ್ಟೆ, ಅದರ ತುಂಬ ಚಮಕಿ ನಕ್ಷತ್ರಗಳು. ಅದು ಅವಳ ಪಾಲು. ಎರಡೂ ಮುಗಿದ ಮೇಲೆ ಒಂದರ ಮೇಲೊಂದು ಹಾಸಿ ಅಂಚು ಹೊಲಿಯುವುದು. ಮದುವೆಯಾದ ಇಷ್ಟು ವರ್ಷದಲ್ಲಿ ನಾವಿಬ್ಬರೂ ಒಂದೇ ಗಿರಾಕಿಯ ಕೆಲಸವನ್ನು ಜಗಳವಿಲ್ಲದೆ ಮುಗಿಸಿದ್ದಿಲ್ಲ. ನೋಡೋಣ.

ನಿನ್ನ
ದೊಡ್ಡಪ್ಪ

ಫೆಬ್ರವರಿ 2

ದೊಡ್ಡಪ್ಪ,

ಊಟ ಮಾಡುತ್ತಿದ್ದೇನೆ. ಮೊದಲು ಅದನ್ನು ಓದಿ ಹೇಳಿಬಿಡಿ.

ಈಗ ತೋಳು. ಅವು ಗಟ್ಟಿಯಲ್ಲ, ಅಂಟಿಕೊಂಡೂ ಇಲ್ಲ. ನೀವು ಉದ್ದನೆಯ ಪರದೆಯನ್ನು ಮೇಜಿನ ಮೇಲೆ ಹಾಸಿ ಅಂಗೈಯಿಂದ ನೆರಿಗೆಯನ್ನು ತಳ್ಳಿಕೊಂಡು ಹೋಗುತ್ತೀರಲ್ಲ, ಆಗ ನೆರಿಗೆ ಈ ತುದಿಯಿಂದ ಆ ತುದಿಗೆ ಸಾಗುತ್ತದೆ, ಬಟ್ಟೆ ಇದ್ದಲ್ಲೇ ಇರುತ್ತದೆ. ಗೆಲಾಕ್ಸಿಯ ತೋಳು ಅಂಥದೊಂದು ನೆರಿಗೆ. ಅನಿಲ ತನ್ನ ಪಾಡಿಗೆ ಸುತ್ತುತ್ತಾ ಬಂದು ನೆರಿಗೆಯೊಳಗೆ ಹೊಗುತ್ತದೆ, ಅಲ್ಲಿ ಸ್ವಲ್ಪ ಹೊತ್ತು, ಅಂದರೆ ಕೆಲವು ಕೋಟಿ ವರ್ಷ, ಒತ್ತೊತ್ತಾಗಿ ನಿಲ್ಲುತ್ತದೆ, ಆಮೇಲೆ ಆಚೆ ಹೊರಡುತ್ತದೆ. ಒತ್ತಾಗಿ ನಿಂತಾಗಲೇ ಅದರ ತೂಕ ಅದನ್ನೇ ಒಳಗೆ ಎಳೆದು ದೊಡ್ಡ ದೊಡ್ಡ ಮೋಡಗಳಾಗುವುದು. ಆ ಮೋಡಗಳು ತೋಳಿನುದ್ದಕ್ಕೂ ಹೆಚ್ಚುಕಮ್ಮಿ ಸಮ ದೂರದಲ್ಲಿ ಕೂರುತ್ತವೆ. ಒಂದೊಂದೂ ತನ್ನ ಸುತ್ತಲಿನ ಅನಿಲವನ್ನು ಬಾಚಿಕೊಳ್ಳುವುದರಿಂದ ಪಕ್ಕದವರಿಗೆ ಒಂದು ಅಳತೆಯ ದೂರ ಬಿಟ್ಟೇ ಇನ್ನೊಂದು ಏಳಬೇಕು. ತೋಳಿನ ಹೊರ ಅಂಚಿನಲ್ಲಿ ಎಳೆ ಬಿಚ್ಚಿದ ದಾರಗಳ ಹಾಗೆ ಕಾಣುತ್ತದಲ್ಲ, ಅದನ್ನು ಕತ್ತರಿಸಿಬಿಡಬೇಡಿ! ಅವೂ ಅನಿಲವೇ, ಚಿಕ್ಕ ಮೋಡಗಳು ಅವುಗಳ ಮೇಲೆ ಇರುತ್ತವೆ.

ಇನ್ನೊಂದು ಗುಟ್ಟು. ಈ ಮೋಡಗಳಲ್ಲಿರುವುದು ಬಹುಪಾಲು ಹೈಡ್ರೋಜನ್, ಅದು ಶುದ್ಧ ಮೌನಿ. ಜೊತೆಗೆ ಒಂದಿಷ್ಟು ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದು ವಾಚಾಳಿ. ನಾವು ವಾಚಾಳಿಯ ಮಾತು ಹಿಡಿದು ಮೌನಿಯ ವಿಳಾಸ ಪತ್ತೆ ಮಾಡುತ್ತೇವೆ. ನಿಮ್ಮ ದನಿ ಕೇಳಿದ ಕಡೆ ದೊಡ್ಡಮ್ಮ ಇರುತ್ತಾರೆ ಎನ್ನುವ ಹಾಗೆ.

ನಾನು ಕಂಡುಹಿಡಿದದ್ದು ಇಷ್ಟು. ಮೋಡವಿರುವ ಕಡೆ ಹೊಸ ನಕ್ಷತ್ರಗಳಿಲ್ಲ, ನಕ್ಷತ್ರಗಳಿರುವ ಕಡೆ ಮೋಡವಿಲ್ಲ. ಎಲ್ಲರೂ ಇಲ್ಲಿಯವರೆಗೆ ಮಕ್ಕಳು ತಾಯಿಯ ಮಗ್ಗುಲಲ್ಲೇ ಸಿಗುತ್ತವೆ ಎಂದುಕೊಂಡಿದ್ದರು. ಈ ಗೆಲಾಕ್ಸಿಯಲ್ಲಿ ಹಾಗಿಲ್ಲ. ಹುಟ್ಟಿದ್ದೇ ತಡ, ಮಕ್ಕಳು ಹೆತ್ತ ಮೋಡವನ್ನು ಊದಿ ಚದುರಿಸಿ ಎಲ್ಲೋ ಓಡಿಹೋಗಿವೆ. ಮೇಷ್ಟ್ರು ಅದನ್ನು ನೋಡಿ ಎರಡು ದಿನ ಯಾರನ್ನೂ ಬೈಯಲಿಲ್ಲ.

ನಿಮ್ಮ
ಗುಂಡುಸೂಜಿ

ಫೆಬ್ರವರಿ 19

ಗುಂಡುಸೂಜಿ,

ನೆರಿಗೆಯ ಮಾತು ಓದಿ ಮೇಜಿನ ಮೇಲೆ ಪರದೆ ಹಾಸಿ ಮೂರು ಸಲ ತಳ್ಳಿ ನೋಡಿದೆ. ನಿಜ. ಇಷ್ಟು ವರ್ಷ ಗೆಲಾಕ್ಸಿ ಮಾಡುತ್ತಾ ಇದ್ದೆ, ಕೂಲಿ ಮಾತ್ರ ಪರದೆಯದ್ದು ತೆಗೆದುಕೊಂಡೆ.

ನನ್ನ ಮೋಡಗಳು ಮುಗಿದವು, ಮೂವತ್ತೊಂದು. ನಿನ್ನ ದೊಡ್ಡಮ್ಮನ ಚಮಕಿಯೂ ಹೋದ ವಾರ ಮುಗಿಯಿತು. ನೆಟ್ ಬಟ್ಟೆಯನ್ನು ಕಿಟಕಿಗೆ ಹಿಡಿದರೆ ಬೀದಿಯ ಜನ ನಿಂತು ನೋಡುತ್ತಾರೆ. ಎದುರಿನ ಗಡಿಯಾರ ರಿಪೇರಿಯವರು ಒಳಗೇ ಬಂದು, ಇದು ಯಾವ ರಾಣಿಗೆ ಎಂದು ಕೇಳಿದರು. ಮದುವೆಯೇ ಬೇಡವೆನ್ನುವ ರಾಣಿ ಎಂದೆ.

ಒಂದು ಚಿಕ್ಕ ವಿಷಯ. ಆ ಗಾಜಿನ ಪಟದಲ್ಲಿ ಮೇಲು ಯಾವುದು ಕೆಳಗು ಯಾವುದು ಎಂದು ಗುರುತು ಹಾಕಿದವರು ಯಾರು? ಸುಮ್ಮನೆ ಕೇಳಿದೆ.

ಇನ್ನೊಂದು, ಅದೂ ಸುಮ್ಮನೆ. ಏಪ್ರಿಲ್ ಹತ್ತರಂದು ಅವರು ಒಲ್ಲೆ ಎಂದರೆ ನೀನು ಎಲ್ಲಿಗೆ ಹೋಗುವವಳು? ಇಲ್ಲಿಗೇ ತಾನೆ?

ನಿನ್ನ
ದೊಡ್ಡಪ್ಪ

ಫೆಬ್ರವರಿ 28

ದೊಡ್ಡಪ್ಪ,

ಅವಸರದಲ್ಲಿದ್ದೇನೆ. ಲೇಖನದ ಕೊನೆಯ ತಿದ್ದುಪಡಿ ನಡೆದಿದೆ, ಮಾರ್ಚ್ ಇಪ್ಪತ್ತೈದಕ್ಕೆ ಪತ್ರಿಕೆಗೆ ಹೋಗಬೇಕು. ಮೇಷ್ಟ್ರು ಆಗಲೇ ನಾಲ್ಕು ಊರಿನವರಿಗೆ ಹೇಳಿಬಿಟ್ಟಿದ್ದಾರೆ.

ನಿಮ್ಮ ತಲೆಕೆಳಗಿನ ಪ್ರಶ್ನೆಗಳಿಗೆ ಬಿಡುವಾಗಿ ಬರೆಯುತ್ತೇನೆ. ಅವರು ಒಲ್ಲೆ ಎನ್ನುವುದಿಲ್ಲ, ಬಿಡಿ. ಇಂಥದ್ದು ಕಂಡುಹಿಡಿದವರನ್ನು ಯಾರು ಬಿಟ್ಟಾರು?

ಬಟ್ಟೆ ಯಾವಾಗ ಕಳಿಸುತ್ತೀರಿ?

ಗುಂಡುಸೂಜಿ

ಮಾರ್ಚ್ 9

ಮಗಳೇ,

ಈ ಕಾಗದವನ್ನು ಕೂತು ಓದು.

ಬಟ್ಟೆ ಇನ್ನೂ ಹೊಲಿದಿಲ್ಲ. ಕೆಳಗಿನದು ಕೆಳಗೆ, ಮೇಲಿನದು ಮೇಲೆ, ಎರಡೂ ಮೇಜಿನ ಮೇಲೆ ಹಾಗೇ ಇವೆ. ನೆಟ್ ಬಟ್ಟೆಯನ್ನು ಮೊದಲು ಹಾಸಿದ ದಿನ ನಿನ್ನ ದೊಡ್ಡಮ್ಮ ಸುತ್ತಲೂ ಒಂದು ಸಲ ನಡೆದು ಬಂದು, "ಏನ್ರೀ ಇದು, ಒಂದು ಗುಂಡಿಗೂ ಕಾಜ ಇಲ್ವಲ್ಲ" ಅಂದಳು. ಅದೇ ನಮ್ಮ ಹುಡುಗಿಯ ಸಂಶೋಧನೆ ಕಣೇ, ಹಾಗೇ ಇರಬೇಕು, ಎಂದು ನಿನ್ನ ಕಾಗದ ಓದಿ ಹೇಳಿದೆ. ಅವಳು ಕೇಳಿಸಿಕೊಂಡಳು, ಒಪ್ಪಲಿಲ್ಲ. ನಲವತ್ತು ವರ್ಷ ಕಾಜ ಹಾಕಿದ ಹೆಂಗಸು.

ಅಂಗಿಯ ಎದೆಪಟ್ಟಿ ನೋಡು. ಗುಂಡಿಗಳು ಒಂದೇ ಅಳತೆಯ ದೂರದಲ್ಲಿರುತ್ತವೆ, ಅವನ್ನು ತೂರಿಸುವ ಕಾಜಗಳೂ ಅಷ್ಟೆ. ಆದರೆ ಮೇಲಿನ ಗುಂಡಿಗೂ ಕಾಲರಿಗೂ ಇರುವ ದೂರ, ಕೆಳಗಿನ ಗುಂಡಿಗೂ ಅಂಚಿಗೂ ಇರುವ ದೂರ ಬೇರೆ ಬೇರೆ. ಕಾಜದ ಪಟ್ಟಿಯನ್ನು ತಲೆಕೆಳಗಾಗಿ ಕೂರಿಸಿದರೆ ನೋಡುವುದಕ್ಕೆ ಏನೂ ಊನವಿರುವುದಿಲ್ಲ, ಹಾಕಿಕೊಳ್ಳಲು ಹೋದಾಗ ಒಂದು ಗುಂಡಿಯೂ ಕೂಡಿ ಬರುವುದಿಲ್ಲ. ಕಲಿಯುವ ದರ್ಜಿ ಗುಂಡಿಗಳನ್ನೆಲ್ಲ ಕಿತ್ತು ಮತ್ತೆ ಹೊಲಿಯುತ್ತಾನೆ. ಕಲಿತ ದರ್ಜಿ ಪಟ್ಟಿ ತಿರುಗಿಸಿ ನೋಡುತ್ತಾನೆ.

ನಾವಿಬ್ಬರೂ ನೆಟ್ ಬಟ್ಟೆಯ ನಾಲ್ಕು ಮೂಲೆ ಹಿಡಿದು ಅರ್ಧ ಸುತ್ತು ತಿರುಗಿಸಿದೆವು, ಮೇಲಿದ್ದುದು ಕೆಳಕ್ಕೆ ಬರುವ ಹಾಗೆ. ಎರಡೇ ತೋಳಿನ ಸುರುಳಿ ನೋಡು, ಅರ್ಧ ಸುತ್ತು ತಿರುಗಿದರೂ ಈ ತೋಳಿನ ಜಾಗಕ್ಕೆ ಆ ತೋಳು ಬಂದು ಮೊದಲಿನ ಹಾಗೇ ಕೂತಿತು. ಚಮಕಿ ಮಾತ್ರ ಮೊದಲಿನ ಹಾಗೆ ಕೂರಲಿಲ್ಲ. ಮೂವತ್ತೊಂದು ಮೋಡದಲ್ಲಿ ಇಪ್ಪತ್ತೇಳರ ಪಕ್ಕಕ್ಕೆ ಒಂದೊಂದು ಗೊಂಚಲು ಬಂದು ನಿಂತಿತು, ಎಲ್ಲವೂ ಒಂದು ಬೆರಳಗಲ ಮುಂದೆ, ಎಲ್ಲವೂ ತೋಳಿನ ಹೊರಮಗ್ಗುಲಿಗೆ. ಮೊದಲು ಹಾಸಿದ್ದಾಗ ಕೂಡಿದ್ದು ಬರೀ ಮೂರು.

ನಿನ್ನ ವಿದ್ಯೆಯಲ್ಲಿ ಇದಕ್ಕೆ ಬೇರೆ ಕಾರಣ ಇರಬಹುದು. ನನಗೆ ಗೊತ್ತಿರುವುದು ಪಟ್ಟಿಯ ವಿಷಯ ಮಾತ್ರ. ಯಾವ ಕಡೆ ಹೊಲಿಯಲಿ, ಹೇಳು. ನೀನು ಹೇಳಿದ ಹಾಗೆ ಹೊಲಿಯುತ್ತೇನೆ.

ದೊಡ್ಡಪ್ಪ

ಮಾರ್ಚ್ 20

ದೊಡ್ಡಪ್ಪ,

ತಿರುಗಿಸಿಯೇ ಹೊಲಿಯಿರಿ.

ಮೇಲು ಯಾವುದೆಂದು ಹೇಳುವ, ಗಾಜಿನ ಪಟದ ಮೂಲೆಯ ಚೀಟಿ ಯಾವ ಕಾಲದಲ್ಲೋ ಉದುರಿಹೋಗಿತ್ತು. ನಡುವಿನ ಹೊಟ್ಟೆಗೆ ಹೊಟ್ಟೆ ಕೂರಿಸಿದೆ, ಎರಡು ತೋಳಿಗೆ ಎರಡು ತೋಳು ಕೂಡಿತು, ಅಲ್ಲಿಗೆ ಕೈ ತೊಳೆದುಕೊಂಡೆ. ಪಟದಲ್ಲಿ ನಮಗೆ ಹತ್ತಿರದ, ಜಾಗ ಗೊತ್ತಿರುವ ಬಿಡಿ ನಕ್ಷತ್ರಗಳೂ ಬಿದ್ದಿವೆ. ಅವನ್ನು ನಕ್ಷತ್ರಗಳ ಪಟ್ಟಿಯ ಜೊತೆ ಹೋಲಿಸಿದ್ದರೆ ಮೇಲು ಕೆಳಗು ತಿಳಿಯುತ್ತಿತ್ತು. ನಿಮ್ಮ ಕಾಗದ ಬಂದ ದಿನ ಹೋಲಿಸಿದೆ. ಒಂದು ಗಂಟೆಯ ಕೆಲಸ. ಆರು ತಿಂಗಳು ಮಾಡಿರಲಿಲ್ಲ.

ಮೇಷ್ಟ್ರಿಗೆ ಇನ್ನೂ ಹೇಳಿಲ್ಲ. ನಾಳೆ ಹೇಳುತ್ತೇನೆ.

ಒಂದು ಕೇಳಬೇಕು. ಚಮಕಿ ಮುಗಿದದ್ದು ಫೆಬ್ರವರಿ ಎರಡನೇ ವಾರ. ನೀವು ಮೇಲು ಕೆಳಗು ಎಂದು ಸುಮ್ಮನೆ ಕೇಳಿದ್ದು ಹತ್ತೊಂಬತ್ತಕ್ಕೆ. ನಿಜ ಬರೆದದ್ದು ಮಾರ್ಚ್ ಒಂಬತ್ತಕ್ಕೆ. ಈ ನಡುವೆ ಮೇಷ್ಟ್ರು ನಾಲ್ಕು ಊರಿಗೆ ಹೇಳಿದ್ದು ಹನ್ನೊಂದು ಊರಾಯಿತು. ಚಿಕ್ಕಂದಿನಲ್ಲಿ ನನ್ನ ಕಾಗುಣಿತ ತಪ್ಪಿದರೆ ಕತ್ತರಿ ಕೆಳಗಿಡುವಷ್ಟೂ ತಾಳುತ್ತಿರಲಿಲ್ಲ ನೀವು. ಈಗ ಯಾಕೆ ತಡೆದಿರಿ?

ಗುಂಡುಸೂಜಿ

ಮಾರ್ಚ್ 29

ಮಗಳೇ,

ಬಟ್ಟೆ ಇದರ ಜೊತೆಗೇ ಬರುತ್ತಿದೆ. ಬಿಚ್ಚುವಾಗ ಹುಷಾರು, ಚಮಕಿ ಉದುರಿದರೆ ನಿನ್ನ ದೊಡ್ಡಮ್ಮ ಅಲ್ಲಿಗೇ ಬಂದು ಎಣಿಸುತ್ತಾಳೆ.

ನೀನು ಕೇಳಿದ್ದಕ್ಕೆ ಮೂರು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಜೋಕು ಜಾಸ್ತಿಯಾಗಿತ್ತು. ಎರಡನೆಯದರಲ್ಲಿ ಸುಳ್ಳು ಜಾಸ್ತಿಯಾಗಿತ್ತು. ಮೂರನೆಯದು ಎರಡರ ಮಿಶ್ರಣ.

ನಿಜ ಹೀಗಿದೆ. ನೀನು ಗೆದ್ದರೆ ಮೂರು ವರ್ಷ ಅಲ್ಲೇ. ಸೋತರೆ ಮನೆಗೆ ಬರುತ್ತೀಯ. ನೀನು ಹೋದ ದಿನದಿಂದ ನನಗೆ ನೀನು ಬರಬೇಕು ಅಂತಲೇ ಇದೆ. ಯಾರ ಮುಂದೆಯೂ ಹೇಳಿಲ್ಲ, ನಿನ್ನ ದೊಡ್ಡಮ್ಮನ ಮುಂದೆಯೂ ಇಲ್ಲ. ಹಾಗಿರುವಾಗ ನಿನ್ನ ಕೆಲಸದಲ್ಲಿ ತಪ್ಪು ನನ್ನ ಕಣ್ಣಿಗೇ ಬಿತ್ತು. ನನ್ನನ್ನೇ ನಾನು ನಂಬಲಿಲ್ಲ. ಇದು ದರ್ಜಿಯ ಕಣ್ಣೋ, ಬಯಸಿದ್ದನ್ನು ಕಾಣುವ ಮುದುಕನ ಕಣ್ಣೋ? ಹೇಳಿದರೆ ನಿನ್ನನ್ನು ವಾಪಸು ಕರೆಸಿಕೊಳ್ಳುವುದಕ್ಕೇ ಹೇಳಿದ ಹಾಗೆ. ಹೇಳದಿದ್ದರೆ ನೀನು ಎಲ್ಲರ ಮುಂದೆ ತಲೆಕೆಳಗಾದ ಅಂಗಿ ತೊಟ್ಟು ನಿಂತ ಹಾಗೆ. ಇಪ್ಪತ್ತನಾಲ್ಕು ದಿನ ದಿನಾ ಬೆಳಿಗ್ಗೆ ಅಂಗಡಿ ತೆರೆದು ಆ ನೆಟ್ ಬಟ್ಟೆಯನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿದ್ದೇನೆ. ಕೊನೆಗೆ ಅವಳೇ, "ಬರೀರಿ. ಅವಳು ಬಂದ್ರೆ ನಮಗೆ ಖುಷಿ, ಬರದಿದ್ರೆ ಅವಳಿಗೆ ಖುಷಿ. ಸುಳ್ಳು ಹೊಲಿದ್ರೆ ಯಾರಿಗೆ ಖುಷಿ?" ಅಂದಳು. ಹೇಳದೆಯೇ ಅವಳಿಗೆ ಎಲ್ಲಾ ಗೊತ್ತಿತ್ತು ನೋಡು. ಮೌನಿಗಳನ್ನು ನಂಬಬಾರದು.

ತಡವಾದದ್ದು ತಪ್ಪು. ನಿನ್ನ ಮೇಷ್ಟ್ರಿಗೂ ಅಷ್ಟು ತಲೆಬಿಸಿ ಹೆಚ್ಚಾಯಿತು. ಅದು ನನ್ನ ಲೆಕ್ಕಕ್ಕೆ.

ದೊಡ್ಡಪ್ಪ

ಏಪ್ರಿಲ್ 14

ದೊಡ್ಡಪ್ಪ, ದೊಡ್ಡಮ್ಮ ಇಬ್ಬರಿಗೂ,

ನಿಮ್ಮ ಕಾಗದವನ್ನು ಸಭೆಗೆ ಮೊದಲು ಓದಿದೆ, ಸಭೆ ಮುಗಿದ ಮೇಲೆ ಇನ್ನೊಮ್ಮೆ ಓದಿದೆ. ಅದರ ಮಾತು ಆಮೇಲೆ.

ಮೇಷ್ಟ್ರಿಗೆ ಹೇಳಿದ ದಿನ ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು. ಬೈಗುಳಕ್ಕೆ ಸಿದ್ಧವಾಗಿಯೇ ನಿಂತಿದ್ದೆ. "ನಾನೂ ತಿರುಗಿಸಿ ನೋಡ್ಲಿಲ್ವಲ್ಲಮ್ಮ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಲೇಖನವನ್ನು ಪತ್ರಿಕೆಗೆ ಕಳಿಸದೆ ತಡೆದು, ಹನ್ನೊಂದು ಊರಿಗೂ ತಾವೇ ಬರೆದರು, ತಪ್ಪು ತಮ್ಮದೂ ಹೌದು ಎಂದು.

ಹತ್ತನೇ ತಾರೀಕು ಬಟ್ಟೆ ಗೋಡೆಯ ಮೇಲಿತ್ತು. ನಾನು ಮೊದಲು ಹಳೆಯ ನಕ್ಷೆ ತೋರಿಸಿ ಇದು ನಾನು ಕಂಡುಹಿಡಿದದ್ದು ಎಂದೆ, ಆಮೇಲೆ ಇದು ತಪ್ಪು ಎಂದೆ, ಆಮೇಲೆ ಹೇಗೆ ತಪ್ಪು ಎಂದು ವಿವರಿಸಿದೆ. ಮುಂದಿನ ಸಾಲಿನ ಒಬ್ಬ ಹಿರಿಯರು, ಹಾಗಾದರೆ ಹೊಸದೇನು ಎಂದು ಕೇಳಿದರು. ಹೊಸದೇನಿಲ್ಲ ಎಂದೆ. ಮಕ್ಕಳು ತಾಯಿಯ ಪಕ್ಕದಲ್ಲೇ ಇವೆ, ಹೆಚ್ಚೆಂದರೆ ಐವತ್ತು ಲಕ್ಷ ವರ್ಷದ ನಡಿಗೆಯಷ್ಟು ಮುಂದೆ, ಎಲ್ಲ ಕಡೆ ಒಂದೇ ಬೆರಳಗಲ. ಅವರು ಎದ್ದು ಬಟ್ಟೆಯ ಹತ್ತಿರ ಹೋಗಿ ತಮ್ಮದೇ ಬೆರಳಿಟ್ಟು ಒಂದೊಂದಾಗಿ ಅಳೆದು ನೋಡಿದರು. ಇಡೀ ಸಭೆ ಕಾಯಿತು. ತಿರುಗಿ ಬಂದು, ಇದನ್ನು ಪತ್ತೆ ಮಾಡಿದವರು ಯಾರು ಎಂದರು. "ನಮ್ಮ ದೊಡ್ಡಮ್ಮ" ಎಂದೆ. ಕ್ಷಮಿಸಿ ದೊಡ್ಡಪ್ಪ, ನಿಮ್ಮದು ಎರಡನೇ ದರ್ಜೆ.

ತೀರ್ಮಾನ: ಮೂರು ವರ್ಷವಿಲ್ಲ, ಒಂದು ವರ್ಷ. ಆ ಒಂದು ವರ್ಷದಲ್ಲಿ ಆ ವೀಕ್ಷಣಾಲಯದ ಗಾಜಿನ ಪಟಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ, ಹೋಲಿಸಿ, ಚೀಟಿ ಅಂಟಿಸಬೇಕು. ಯಾರೂ ಆಸೆಪಟ್ಟು ಮಾಡುವ ಕೆಲಸವಲ್ಲ. ನಾನು ಒಪ್ಪಿಕೊಂಡೆ. ನೀವು ಬಾ ಎಂದು ಇಷ್ಟು ದಿನ ಕಾದದ್ದು ಓದಿದ ಮೇಲೂ ಒಪ್ಪಿಕೊಂಡೆ. ಅದನ್ನು ನಿಮಗೆ ನೇರವಾಗಿ ಬರೆಯಬೇಕು ಎಂದೇ ಈ ಕಾಗದ. ನನಗೆ ಈ ಕೆಲಸ ಇಷ್ಟ. ತಪ್ಪು ಮಾಡಿ ಸಿಕ್ಕಿಬಿದ್ದ ಮೇಲೂ ಇಷ್ಟ.

ಕೋಪ ಮಾಡಿಕೊಳ್ಳಬೇಡಿ.

ನಿಮ್ಮ
ಗುಂಡುಸೂಜಿ

ಏಪ್ರಿಲ್ 25

ಗುಂಡುಸೂಜಿ,

ನಿನ್ನ ಕಾಗದವನ್ನು ಗಡಿಯಾರ ರಿಪೇರಿಯವರಿಗೆ, ಹಾಲಿನವಳಿಗೆ, ಪ್ಯಾಂಟಿನ ಅಳತೆ ಕೊಡಲು ಬಂದ ಪೋಸ್ಟ್‌ಮ್ಯಾನಿಗೆ ಓದಿ ಹೇಳಿದೆ. "ನಮ್ಮ ದೊಡ್ಡಮ್ಮ" ಎನ್ನುವ ಸಾಲು ಬಂದಾಗಲೆಲ್ಲ ಅವಳು ಒಳಗಿನಿಂದ, "ಇನ್ನೊಂದ್ಸಲ ಓದ್ರೀ, ಸರಿಯಾಗಿ ಕೇಳ್ಸಲಿಲ್ಲ" ಅನ್ನುತ್ತಾಳೆ. ಕಿವಿ ಚೆನ್ನಾಗಿಯೇ ಇದೆ.

ಕೋಪವಿಲ್ಲ. ನಾನು ಆಸೆಪಟ್ಟದ್ದು ಸೊನ್ನೆ ವರ್ಷ, ಹಾರೈಸಿದ್ದು ಮೂರು ವರ್ಷ. ಅವರು ಒಂದು ಕೊಟ್ಟರು. ಮನುಷ್ಯ ಆಸೆಪಡುವುದು ಬೇರೆ, ಹಾರೈಸುವುದು ಬೇರೆ ಎಂದು ಈ ವಯಸ್ಸಿನಲ್ಲಿ ಕಲಿಸಿದೆ ನೀನು.

ನಿನ್ನ ಪೆಟ್ಟಿಗೆ ಅಂಗಡಿಯ ಅಟ್ಟದ ಮೇಲೆ ನೀನು ಇಟ್ಟುಹೋದ ಹಾಗೇ ಇತ್ತು: ಪುಸ್ತಕ, ಚಳಿಯ ಕೋಟು, ಆ ಹಳೆಯ ಭೂತಗನ್ನಡಿ. ಬಂದಾಗ ಬೇಕಾಗುತ್ತದೆ ಎಂದು ನಾನೇ ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಇವತ್ತು ಇಳಿಸಿ, ಧೂಳು ಒರೆಸಿ, ನಿನ್ನ ಅಲ್ಲಿಯ ವಿಳಾಸವನ್ನು ದಪ್ಪಕ್ಷರದಲ್ಲಿ ಬರೆದೆ. ಅದು ಇರಬೇಕಾದ ಜಾಗ ಈಗ ಅಲ್ಲಿ. ನಾಳೆ ಪಾರ್ಸೆಲ್ ಕಳಿಸುತ್ತೇನೆ.

ನಿನ್ನ
ದೊಡ್ಡಪ್ಪ

ನಾನು ದೊಡ್ಡಮ್ಮ. ಇವರು ಹೇಳದೆ ಬಿಟ್ಟದ್ದು ಬರೆಯುತ್ತಿದ್ದೇನೆ. ಪೆಟ್ಟಿಗೆಯಲ್ಲಿ ಜಾಗ ಉಳಿದಿತ್ತು. ಮೂರು ದಪ್ಪ ಹೊದಿಕೆ ಹಾಕಿದ್ದೇನೆ, ಒಂದು ನಿನಗೆ. ಉಳಿದೆರಡು ಹರಡಿ ಇಟ್ಟಿರು, ಮೇ ಹದಿನೆಂಟಕ್ಕೆ ನಾವು ಬರುತ್ತಿದ್ದೇವೆ. ಗೇಟಿನಲ್ಲಿ ಫೋನು ಕೊಟ್ಟುಬಿಡುತ್ತೇವೆ. ಇವರ ಬಾಯಿಗೆ ಅಲ್ಲಿ ಏನು ನಿಯಮ, ಮೊದಲೇ ಕೇಳಿಟ್ಟಿರು.